ರೆಕ್ಕೆ ಹುಡುಕಿದ್ದು

ಗುರುವಾರ, ಮಧ್ಯಾಹ್ನ ಊಟದ ಬಿಡುವು

ನನ್ನ ಪುಟ್ಟೀ,

ಕಾಗದ ಕಂಡ ತಕ್ಷಣ ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ, ಕೆಲಸವೂ ಹೋಗಿಲ್ಲ, ಇದುವರೆಗೆ.

ಮ್ಯೂಸಿಯಂನಲ್ಲಿ ನನಗೀಗ ಹಿಂದಿನ ಕೋಣೆ ಒರೆಸುವ ಕೆಲಸ. ಅಲ್ಲಿ ಉದ್ದ ಮೇಜಿನ ಮೇಲೆ ಮೋವಾ ಅನ್ನುವ ಹಕ್ಕಿಯ ಮೂಳೆ ಜೋಡಿಸಿಟ್ಟಿದ್ದಾರೆ. ಯಾವುದೋ ದೂರದ ದ್ವೀಪದ್ದಂತೆ, ಅದರ ವಂಶವೇ ಈಗಿಲ್ಲವಂತೆ. ಹಕ್ಕಿ ಅಂದರೆ ನಂಬುತ್ತೀಯಾ? ಕಾಲಿನ ಒಂದು ಮೂಳೆಯೇ ನನ್ನ ಸೊಂಟದೆತ್ತರ! ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ನಿಜ. ಆದರೆ ಹನ್ನೊಂದು ವರ್ಷ ಕೋಳಿ ಅಂಗಡಿಯಲ್ಲಿ ಕೋಳಿ ಕತ್ತರಿಸಿದವಳಿಗೆ ಹಕ್ಕಿಯ ಮೈ ಗೊತ್ತಿಲ್ಲವೇ? ಕಾಲಿತ್ತು, ಕತ್ತಿತ್ತು, ಪಕ್ಕೆಲುಬಿತ್ತು. ರೆಕ್ಕೆಯ ಮೂಳೆ ಮಾತ್ರ ಒಂದೂ ಇರಲಿಲ್ಲ.

ನಾನೇ ಕಸದ ಜೊತೆ ಗುಡಿಸಿಬಿಟ್ಟೆನೇನೋ! ಮೂರು ದಿನ ಕಸದ ಬುಟ್ಟಿ, ಬೀರುವಿನ ಸಂದಿ, ಬಚ್ಚಲಿನ ಮೋರಿಯನ್ನೂ ಬಿಡದೆ ಹುಡುಕಿದೆ. ಸಿಕ್ಕಿದ್ದು ಒಂದು ಅಂಗಿ ಗುಂಡಿ, ಎರಡು ಪೆನ್ನಿನ ಮುಚ್ಚಳ.

ಇವತ್ತು ಬೆಳಿಗ್ಗೆ ಆ ಮೂಳೆಗಳನ್ನು ಜೋಡಿಸುವ ಮೇಡಂ ಬಂದವರೇ ಮೇಜು ನೋಡಿ, ಇದ್ಯಾವ ಪುಣ್ಯಾತ್ಮ ಇಲ್ಲಿ ಬಾತುಕೋಳಿ ರೆಕ್ಕೆ ತಂದಿಟ್ಟಿರೋದು ಅಂತ ಕೂಗಿದರು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಅಣ್ಣನಿಗೆ, ಏನಯ್ಯಾ, ನಿನ್ನ ಊಟದ ಡಬ್ಬಿ ಖಾಲಿ ಮಾಡೋಕೆ ಬೇರೆ ಜಾಗ ಸಿಗ್ಲಿಲ್ವಾ ಅಂತ ಚೆನ್ನಾಗಿ ಬೈಗುಳ ಬಿತ್ತು. ನಾನು ಗೋಡೆ ನೋಡುತ್ತಾ ನಿಂತೆ. ಆದರೂ ಬಾಯಿ ಸುಮ್ಮನಿರಬೇಕಲ್ಲ! ಹಾಗಾದ್ರೆ ಇದರ ರೆಕ್ಕೆ ಎಲ್ಲಿ ಮೇಡಂ ಅಂತ ಕೇಳಿಯೇಬಿಟ್ಟೆ.

ಇದಕ್ಕೆ ರೆಕ್ಕೆನೇ ಇರ್ಲಿಲ್ಲ ಕಣಮ್ಮಾ, ಇಷ್ಟುದ್ದ ಮೂಳೆ ಕೂಡ ಇರ್ಲಿಲ್ಲ ಅಂತ ಕಿರುಬೆರಳಿನ ತುದಿ ತೋರಿಸಿದರು.

ಅಬ್ಬಾ, ಕಳೆದದ್ದು ನಾನಲ್ಲ! ಅದರ ಹಿಂದೆಯೇ ಹೊಸ ಚಿಂತೆ: ರೆಕ್ಕೆಯಿಲ್ಲದೆ ಪಾಪ, ಅದಕ್ಕೆ ಭಯವಾಗುತ್ತಿರಲಿಲ್ಲವೇ? ಅದನ್ನೂ ಕೇಳಿದೆ. ಮೇಲಿಂದ ಎರಗೋ ಒಂದು ದೊಡ್ಡ ಹದ್ದು ಬಿಟ್ರೆ ಅದಕ್ಕೆ ಯಾರ ಹೆದರಿಕೆಯೂ ಇರ್ಲಿಲ್ಲ, ಆಮೇಲೆ ಮನುಷ್ಯರು ಬಂದ್ರು, ತಿಂದು ಮುಗಿಸಿದ್ರು ಅಂದರು ಮೇಡಂ. ಅದರ ಮೊಟ್ಟೆಯ ಚಿಪ್ಪು ತೋರಿಸಿದರು, ಎಷ್ಟು ತೆಳ್ಳಗಿದೆ ಗೊತ್ತಾ! ಇಷ್ಟು ಭಾರದ ಹಕ್ಕಿ ಕೂತರೆ ಒಡೆಯಲ್ವಾ ಅಂದೆ. ಅದೇ ನಮಗೂ ಸರಿಯಾಗಿ ಗೊತ್ತಿಲ್ಲ ಅಂದರು. ಅಷ್ಟು ಓದಿದವರಿಗೂ!

ಹೊತ್ತಿಗೆ ಸರಿಯಾಗಿ ಊಟ ಮಾಡು. ರಸ್ತೆ ದಾಟುವಾಗ ಎರಡೂ ಕಡೆ ನೋಡು.

ನಿನ್ನ
ಅಮ್ಮ

ಮರೆತಿದ್ದಲ್ಲ, ಬರೆಯಲು ಹೆದರಿದ್ದು: ಕಳೆದುಹೋದ ರೆಕ್ಕೆಯ ಬದಲಿಗೆ ಅಂತ ಬಾತುಕೋಳಿ ರೆಕ್ಕೆ ತಂದು, ಬೇಯಿಸಿ, ಉಜ್ಜಿ ಬಿಳಿ ಮಾಡಿ ಇಟ್ಟವಳು ನಾನೇ. ಪಾಪ, ಬೈಸಿಕೊಂಡವನು ವಾಚ್‌ಮನ್ ಅಣ್ಣ. ಈಗಲೇ ಹೋಗಿ ಮೇಡಂಗೆ ಹೇಳಿಬಿಡುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ. ಹೊರಗೆ ಕಳಿಸುವ ಮುಂಚೆ ಒಂದು ಮಾತು ಕೇಳಿಬಿಡಬೇಕು, ಆ ಹಕ್ಕಿ ಹೇಗೆ ಕೂಗುತ್ತಿತ್ತು ಅಂತ.