ಕಂಪ್ಯೂಟರ್ ಖೋಲಿಯ ಕರೆಂಟು

ಬಿಳೆಹೊಂಡ, ತಾ. ರಾಯಬಾಗ
೧೭ ಆಗಸ್ಟ್ ೧೯೯೪

ಪ್ರೀತಿಯ ತಮ್ಮ ಬಾಬಾಸಾಹೇಬನಿಗೆ,

ಅಕ್ಕನ ಆಶೀರ್ವಾದ. ಬೆಂಗಳೂರಿನ ಥಂಡಿಗೆ ನಿನ್ನ ಕೆಮ್ಮು ಹೆಚ್ಚಾಗಿದೆ ಎಂದು ಸೋನಾಬಾಯಿ ಹೇಳಿದಳು. ಹೆಂಡತಿಯ ಮಾತು ಕೇಳಿ ಬಿಸಿನೀರು ಕುಡಿ, ಶಾಸಕರ ಭವನದ ಎಣ್ಣೆ ತಿಂಡಿ ಬಿಡು. ಇಲ್ಲಿ ಮನೆಯವರೆಲ್ಲ ಅರಾಮ. ಮಳೆಗೆ ಕಬ್ಬು ಚೆನ್ನಾಗಿ ಎದ್ದಿದೆ. ಇನ್ನು ಮುಂದಿನದನ್ನು ನೀನೇ ಕೂತು ಓದು, ಪಿ.ಎ. ಕೈಗೆ ಕೊಡಬೇಡ.

ಮೊನ್ನೆ ಫೋನಿನಲ್ಲಿ ನೀನು, "ಅಕ್ಕಾ, ದವಾಖಾನಿ ಕಂಪ್ಯೂಟರ್ ನೋಡಾಕ ದಿಲ್ಲಿ ಸಾಹೇಬರು ಸೋಮವಾರ ಬರಾಕತ್ತಾರ. ಅಷ್ಟರಾಗ ಆ ವೈರು ಮತ್ತ ಕಂಪ್ಯೂಟರಿಗೆ ಜೋಡಿಸಾಕ ಹೇಳು, ನನ್ನ ಮಾನದ ಪ್ರಶ್ನೆ ಐತಿ" ಎಂದೆ. ನಾನು ಫೋನಿಟ್ಟೆ. ಬಾಯಿ ತೆರೆದಿದ್ದರೆ ಬೈಗುಳವೇ ಬರುತ್ತಿತ್ತು, ಪಕ್ಕದಲ್ಲಿ ಪೋಸ್ಟ್‌ಮಾಸ್ತರರು ಕೂತಿದ್ದರು. ದವಾಖಾನೆಯವರು ನಿನಗೆ ಏನು ಹೇಳಿದ್ದಾರೋ ಗೊತ್ತಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ.

ಕುರಿ ಕಾಯುವ ಭೀಮಸಿಯ ಹೆಂಡತಿ ಸತ್ತೆವ್ವನನ್ನು ನೀನು ಮರೆತಿರಲಿಕ್ಕಿಲ್ಲ. ಅವ್ವ ಹಾಸಿಗೆ ಹಿಡಿದಾಗ ದಿನಾ ಆಡಿನ ಹಾಲು ತಂದು, ತಾನೇ ಕೂತು ಚಮಚದಿಂದ ಕುಡಿಸಿದವಳು. ಹಿಂದಿನ ವಾರ ಮಧ್ಯಾಹ್ನ ನಮ್ಮ ಕಬ್ಬಿನ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಅವಳಿಗೆ ಹಾವು ಕಚ್ಚಿತು. ಭೀಮಸಿ ಅವಳನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಓಡಿ ಬಂದ. ಜೀಪಿನಲ್ಲಿ ಹಾಕಿಕೊಂಡು ನಮ್ಮೂರ ದವಾಖಾನೆಗೆ ಹೋದೆವು. ಗಾಳಿಮಳೆಗೆ ಕಂಬ ಬಿದ್ದು ಎಷ್ಟೋ ದಿನದಿಂದ ಊರಿಗೆಲ್ಲ ಕರೆಂಟು ಇರಲಿಲ್ಲ. ಆದರೆ ದವಾಖಾನೆಯ ಹಿಂದೆ ಜನರೇಟರ್ ಸದ್ದು ಕೇಳಿ ನನ್ನ ಜೀವಕ್ಕೆ ಸಮಾಧಾನವಾಯಿತು. ಹೆದರಬೇಡ, ಇಲ್ಲಿ ಎಲ್ಲಾ ಇದೆ ಎಂದು ಸತ್ತೆವ್ವನಿಗೆ ಹೇಳಿದ್ದೂ ನಾನೇ.

ಡಾಕ್ಟರು ಔಷಧದ ಫ್ರಿಜ್ ತೆಗೆದರು. ಒಳಗೆ ದೀಪವಿಲ್ಲ, ತಂಪಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಅಕ್ಕಾರ, ಈ ಇಂಜೆಕ್ಷನ್ ತಂಪಿನಾಗ ಇರಬೇಕ್ರಿ. ಕರೆಂಟ್ ಇಲ್ದ ಕೆಟ್ಟೈತಿ, ಕೊಡಾಕ ಬರೂದಿಲ್ಲ. ಮಿರಜಿನ ದೊಡ್ಡ ದವಾಖಾನಿಗೆ ಒಯ್ಯರಿ" ಎಂದರು. ಹಿಂದೆ ಜನರೇಟರ್ ಹೊಯ್ಕೊಳ್ಳಾಕತ್ತೈತಲ್ರಿ ಎಂದು ಕೇಳಿದೆ. ಅವರು ನೆಲ ನೋಡುತ್ತ, "ಅದು ಕಂಪ್ಯೂಟರ್ ಖೋಲಿದರಿ. ಬ್ಯಾರೆ ಎದಕ್ಕೂ ಜೋಡಿಸಬಾರದಂತ ಮ್ಯಾಲಿಂದ ಆರ್ಡರ್ ಐತ್ರಿ" ಎಂದರು. ಆ ಖೋಲಿಯ ಬಾಗಿಲ ಸಂದಿಯಿಂದ ಎ.ಸಿ.ಯ ಥಂಡಿ ಗಾಳಿ ನನ್ನ ಕಾಲಿಗೆ ಬಡಿಯುತ್ತಿತ್ತು, ಬಾಬಾಸಾಹೇಬ. ಯಂತ್ರಕ್ಕೆ ತಂಪಿತ್ತು. ಜೀವ ಉಳಿಸುವ ಔಷಧಕ್ಕೆ ಇರಲಿಲ್ಲ.

ಕುಡಚಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಸತ್ತೆವ್ವನ ತಲೆ ನನ್ನ ತೊಡೆಯ ಮೇಲೆ. ವಸಡಿನಿಂದ ರಕ್ತ ಬರುತ್ತಿತ್ತು. "ಅಕ್ಕಾರ, ನೀರಡಿಕಿ ಆಗೇತ್ರಿ" ಎಂದಳು. ಸೆರಗು ನೆನೆಸಿ ತುಟಿಗೆ ಹಚ್ಚಿದೆ. ಗೂಡ್ಸ್ ಗಾಡಿ ಮುಗಿಯಲೇ ಇಲ್ಲ. ಗೇಟು ಏಳುವ ಮೊದಲೇ ಅವಳ ಕೈ ನನ್ನ ಕೈಯಲ್ಲಿ ಸಡಿಲಾಯಿತು. ಭೀಮಸಿ ಒಪ್ಪಲಿಲ್ಲ. "ಇನ್ನ ಬೆಚ್ಚಗ ಅದಾಳ್ರಿ, ಗಾಡಿ ಬಿಡ್ರಿ, ಗಾಡಿ ಬಿಡ್ರಿ" ಎಂದು ಡ್ರೈವರನ ಹೆಗಲು ಹಿಡಿದು ಅಲುಗಿಸಿದ. ಅವನಿಗಾಗಿ ಮಿರಜಿನ ತನಕ ಹೋದೆವು. ಅಲ್ಲಿಯವರು ಮುಟ್ಟಿ ನೋಡಿ ಬಟ್ಟೆ ಹೊದಿಸಿದರು.

ಮಣ್ಣು ಮಾಡಿ ಬಂದು ಇನ್ನೂ ಮೂರು ದಿನವಾಗಿರಲಿಲ್ಲ. ಕಂಪ್ಯೂಟರಿನವನು ಭೀಮಸಿಯ ಗುಡಿಸಲಿಗೆ ಬಂದು ಸತ್ತವಳ ಪೂರ್ತಿ ಹೆಸರು ಏನು, ವಯಸ್ಸು ಎಷ್ಟು, ದಿಲ್ಲಿಗೆ ಕಳಿಸಬೇಕು ಎಂದು ಕೇಳಿದ. ಭೀಮಸಿ ಎದ್ದು ನಿಂತು, ಕೈಮುಗಿದು ಎಲ್ಲ ಹೇಳಿದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಮ್ಮ ಪಂಪ್‌ಸೆಟ್ ರಿಪೇರಿ ಮಾಡುವ ಜಕ್ಕಪ್ಪನನ್ನು ಕರೆದುಕೊಂಡು ನೇರ ದವಾಖಾನೆಗೆ ಹೋದೆ. "ಅಕ್ಕಾರ, ಕೇಸ್ ಆಕ್ಕೈತ್ರಿ" ಎಂದ. "ಆಗಲಿ, ನನ್ನ ಹೆಸರ ಹೇಳು" ಎಂದೆ. ಅವನು ಜನರೇಟರಿನ ವೈರನ್ನು ಕಂಪ್ಯೂಟರ್ ಖೋಲಿಯಿಂದ ಬಿಚ್ಚಿ ಫ್ರಿಜ್ಜಿಗೂ ಹೆರಿಗೆ ಖೋಲಿಗೂ ಜೋಡಿಸಿದ. ಡಾಕ್ಟರು ತಡೆಯಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ನಿಂತರು. ಮರುದಿನ ಅವರೇ ಹೋಗಿ ಬರ್ಫದ ತಂಪು ಪೆಟ್ಟಿಗೆಯಲ್ಲಿ ಹೊಸ ಇಂಜೆಕ್ಷನ್ ತಂದಿಟ್ಟರು.

"ಅದು ದಿಲ್ಲಿ ರೊಕ್ಕ ಅಕ್ಕಾ, ಕಂಪ್ಯೂಟರಿಗಂತನ ಬಂದೈತಿ, ಔಷಧಕ್ಕ ಮುಟ್ಟಾಕ ಬರೂದಿಲ್ಲ. ನಾವು ಒಲ್ಲೆ ಅಂದ್ರ ಬ್ಯಾರೆ ಜಿಲ್ಲಾಕ್ಕ ಹೊಕ್ಕೈತಿ" ಎಂದೂ ಅದೇ ಫೋನಿನಲ್ಲಿ ಅಂದೆಯಲ್ಲ. ಕಂಪ್ಯೂಟರು ದಿಲ್ಲಿಯದು, ಒಪ್ಪಿದೆ. ಜನರೇಟರ್ ಯಾರದು? ಹೆರಿಗೆ ಖೋಲಿಗೆ ಬೇಕೆಂದು ಈ ಊರ ಹೆಂಗಸರು ಬೆಳಗಾವಿಯ ತನಕ ಹೋಗಿ ಕೇಳಿ ತಂದದ್ದು. ಕಂಪ್ಯೂಟರು ಬರುತ್ತಲೇ ಅದನ್ನು ಆ ಖೋಲಿಗೆ ಬರೆದುಕೊಟ್ಟದ್ದು ನೀನು ಅಧ್ಯಕ್ಷನಾಗಿರುವ ದವಾಖಾನೆ ಸಮಿತಿ. ಸಹಿ ಮಾಡುವಾಗ ಔಷಧದ ಫ್ರಿಜ್ ಹೇಗೆ ನಡೆಯುತ್ತದೆ ಎಂದು ಒಬ್ಬನಾದರೂ ಕೇಳಿದನೇ? ನೀನು ಕೇಳಿದೆಯಾ? ರೋಗಿಗಳ ವಿಷಯ ದೇಶಕ್ಕೆಲ್ಲ ಒಂದೇ ಕಡೆ ತಿಳಿಯುವುದು ಒಳ್ಳೆಯದೇ ಇರಬಹುದು, ನಾನು ಯಂತ್ರದ ವೈರಿಯಲ್ಲ. ಆದರೆ ನಮ್ಮ ಊರಿಂದ ದಿಲ್ಲಿಗೆಂದು ಬರೆದುಕೊಂಡ ಮೊದಲ ಸುದ್ದಿ ಸತ್ತೆವ್ವನ ಸಾವಿನದು. ನಾಲಿಗೆಗೆ ನಾಚಿಕೆಯಾಗಬೇಕು, ಮಾನದ ಮಾತು ಆಡುವುದಕ್ಕೆ.

ವೈರು ಇದ್ದಲ್ಲೇ ಇರುತ್ತದೆ. ದಿಲ್ಲಿಯವರು ಬರಲಿ, ಬಾಗಿಲಲ್ಲಿ ನಾನೇ ಇರುತ್ತೇನೆ. ಮೊದಲು ಭೀಮಸಿಯ ಗುಡಿಸಲಿಗೆ ಕರೆದೊಯ್ಯುತ್ತೇನೆ.

ಸೋನಾಬಾಯಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಎಷ್ಟೇ ಸಿಟ್ಟಿದ್ದರೂ ನಿನ್ನ ಆಯುಷ್ಯ ಗಟ್ಟಿಯಿರಲಿ ಎಂದೇ ದೇವರಲ್ಲಿ ಬೇಡುತ್ತೇನೆ, ಅದು ಬಿಡದ ಚಟ.

ನಿನ್ನ ಅಕ್ಕ
ಕಸ್ತೂರೆವ್ವ

ತಾ.ಕ.: ಟಪಾಲು ಚೀಲ ಕಟ್ಟುವ ಹೊತ್ತಾಯಿತು. ನಿನ್ನೆ ಸಂಜೆ ಊರ ಹೆಂಗಸರು ಮನೆಗೆ ಬಂದಿದ್ದರು, ಭೀಮಸಿಯೂ ಬಂದು ಕಟ್ಟೆಯ ಕೆಳಗೆ ಕೂತಿದ್ದ. ಬರುವ ಚುನಾವಣೆಗೆ ನಿನ್ನ ಎದುರು ನಾನು ನಿಲ್ಲಬೇಕಂತೆ. ತಮ್ಮನನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಹೂಂ ಅಂದಿದ್ದೇನೆ. ಪೇಪರಿನಲ್ಲಿ ಓದುವ ಮೊದಲು ನಿನಗೆ ನನ್ನ ಕೈಯಿಂದಲೇ ತಿಳಿಯಲಿ.