ಕೂರಲಾಗದ ಕಟ್ಟೆ

ಜನವರಿ 20, ಸೋಮವಾರ
ಮತ್ತೆ ಕೆ.ಆರ್. ಪುರದ ಸೇತುವೆ ಮೇಲೆ ಟ್ರಾಫಿಕ್. ಕ್ಲಾಸಿಗೆ ತಡ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಕೊನೆಯ ವರ್ಷದವರಿಗೆ ‘ಪ್ರೊಫೆಷನಲ್ ಪ್ರಾಕ್ಟೀಸ್’ ಪಾಠ ನನ್ನದು. ಈ ಸಲ ಪುಸ್ತಕವಿಲ್ಲ, ನಿಜವಾದ ಕೆಲಸ— ಸಿ.ವಿ. ರಾಮನ್ ನಗರದ ಒಂದು ಮೂಲೆ ಪಾರ್ಕು. ಬಡಾವಣೆಯ ಸಂಘವೇ ಕ್ಲೈಂಟ್.
ವಿದ್ಯಾರ್ಥಿಗಳು ತಂದ ನಕ್ಷೆಗಳಲ್ಲಿ ಹಂಸಳದನ್ನು ಆರಿಸಿದೆ. ಹೊಂಗೆಮರಗಳ ಕೆಳಗೆ ಉದ್ದಕ್ಕೂ ಕಲ್ಲುಬೆಂಚು. ಟೆಕ್ ಪಾರ್ಕಿಗೆ ಊಟ ತರುವ ಡೆಲಿವರಿಯವರು ತಾವು ಮಾತ್ರ ಬಿಸಿಲಲ್ಲಿ ಬೈಕಿನ ಮೇಲೇ ಉಣ್ಣುವುದನ್ನು ನೋಡಿ ಬಂದಿದ್ದಳಂತೆ. ಇಂಥ ನಕ್ಷೆ ನೋಡಿ ಎಷ್ಟು ವರ್ಷವಾಯಿತೋ.

ಫೆಬ್ರವರಿ 8, ಶನಿವಾರ
ಸಂಘದ ಸಭೆ. ಅಧ್ಯಕ್ಷ ಅಂಜನಮೂರ್ತಿ. ಹಿಂದೆ ಇದೆಲ್ಲ ಅವರ ಮನೆಯವರ ರಾಗಿ ಹೊಲ.
"ಬೆಂಚ್ ಬೇಡ ಮೇಡಂ. ಡೆಲಿವರಿಯವ್ರೆಲ್ಲ ಬಂದು ಕೂತ್ಕೋತಾರೆ."
"ಕೂತ್ಕೊಳ್ಲಿ ಅಂತಾನೇ ಸರ್ ಹಾಕಿರೋದು," ಅಂದಳು ಹಂಸ.
ಅವಳನ್ನು ಹೊರಗೆ ಕರೆದೆ.
"ಕ್ಲೈಂಟ್ ಜೊತೆ ವಾದ ಮಾಡೋದು ಪ್ರಾಕ್ಟೀಸ್ ಅಲ್ಲ. ತೆಗೆದ್ಬಿಡು. ಮಾರ್ಕ್ಸ್ ಇರೋದೂ ಅದಕ್ಕೇ."
"ಮತ್ತೆ ಅವ್ರು ಎಲ್ಲಿ ಕೂತ್ಕೋಬೇಕು ಮಿಸ್?"
"ಅದು ನಮ್ಮ ಸ್ಕೋಪ್ ಅಲ್ಲ."
ಎಷ್ಟು ಸಲೀಸಾಗಿ ಬಂತು ಬಾಯಿಂದ...

ಫೆಬ್ರವರಿ 12
ಬೆಂಚಿಲ್ಲದ ನಕ್ಷೆ ತಂದು ಮೇಜಿನ ಮೇಲಿಟ್ಟು ಹೋದಳು. ಮುಖ ನೋಡಲಿಲ್ಲ.

ಮೇ 17, ಶನಿವಾರ
ಪಾರ್ಕಿನ ಉದ್ಘಾಟನೆ. ಗಿಡದ ಪಾತಿಗಳ ಕಟ್ಟೆಯುದ್ದಕ್ಕೂ ಚೂಪು ಕಲ್ಲು ನೆಟ್ಟಿದ್ದಾರೆ. ನಾನು ನೋಡಿದ ನಕ್ಷೆಯಲ್ಲಿ ಇರಲಿಲ್ಲ. ಕೈಯಿಟ್ಟೆ. ಚುಚ್ಚಿತು.
"ಇದು ಯಾರ ಐಡಿಯಾ ಹಂಸ?"
"ನಂದೇ ಮಿಸ್. ಬೆಂಚ್ ಇಲ್ದಿದ್ರೂ ಕಟ್ಟೆ ಮೇಲೆ ಕೂರ್ತಾರೆ ಅಂತ ಅಂಜನಮೂರ್ತಿ ಸರ್‌ಗೆ ಚಿಂತೆ ಇತ್ತು. ನಾನೇ ಸೊಲ್ಯೂಷನ್ ಕೊಟ್ಟೆ."
ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.
ಅಂಜನಮೂರ್ತಿ ನನಗೇ ಶಾಲು ಹೊದಿಸಿದರು. "ಒಳ್ಳೆ ಟ್ರೈನಿಂಗ್ ಕೊಟ್ಟಿದ್ದೀರಿ ಮೇಡಂ."
ಹಂಸಳಿಗೆ ತರಗತಿಗೇ ಹೆಚ್ಚು ಮಾರ್ಕ್ಸ್. ಕೊಟ್ಟವಳು ನಾನೇ.

ಜುಲೈ 3
ಹಂಸ ಸ್ವೀಟ್ ಬಾಕ್ಸ್ ತಂದಿದ್ದಳು. ಇಂದಿರಾನಗರದ ದೊಡ್ಡ ಫರ್ಮಿನಲ್ಲಿ ಕೆಲಸ.
"ಇಂಟರ್‌ವ್ಯೂನಲ್ಲಿ ಆ ಕಟ್ಟೆ ಫೋಟೋ ತೋರಿಸ್ದೆ ಮಿಸ್. ಬೇರೇನೂ ಕೇಳ್ಲೇ ಇಲ್ಲ."
ಕಾಲು ಮುಟ್ಟಿ ನಮಸ್ಕರಿಸಿದಳು. ಒಳ್ಳೆಯದಾಗಲಿ ಎಂದೆ. ಮೈಸೂರುಪಾಕನ್ನು ಸ್ಟಾಫ್ ರೂಮಿನಲ್ಲಿ ಹಂಚಿಬಿಟ್ಟೆ.

ಆಗಸ್ಟ್ 3, ಭಾನುವಾರ
ನಾಳೆ ಹೊಸ ಬ್ಯಾಚ್. ಹಂಸಳ ಪ್ರಾಜೆಕ್ಟನ್ನೇ ಮಾದರಿಯಾಗಿ ತೋರಿಸಬೇಕಂತೆ, ಪ್ರಿನ್ಸಿಪಾಲರ ಆಸೆ. ಬೆಳಗಿನಿಂದ ಸ್ಲೈಡ್ ಮುಂದೆ ಕೂತಿದ್ದೇನೆ. ‘ಈ ಕೆಲಸದಿಂದ ವಿದ್ಯಾರ್ಥಿನಿ ಕಲಿತದ್ದು’ ಎಂದು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಕಲಿತದ್ದು—