ಪೆಟ್ಟಿಗೆಯೊಳಗಿನ ಮೀನು

ಊದಿನೆ, 14 ನವೆಂಬರ್ 2004

ಪ್ರೀತಿಯ ಒರ್ನೆಲ್ಲಾ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮಗ ತಿಜಿಯಾನೊ ಅವನಪ್ಪ ಲಿವಿಯೊನಿಗಿಂತ ಎತ್ತರವಾಗಿದ್ದಾನಂತೆ, ನಿಜವೇ? ಲಿವಿಯೊನ ವಿಡಿಯೊ ಗೇಮ್ ಡಿಸ್ಕುಗಳ ಅಂಗಡಿ ಹೇಗೆ ನಡೆದಿದೆ? ನಿನ್ನ ಪತ್ರಕ್ಕೆ ಉತ್ತರಿಸಲು ತಡವಾಯಿತು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಮೊದಲು ಸಿಟ್ಟೇ ಕಾಗದಕ್ಕಿಳಿಯುತ್ತಿತ್ತು. ಹರಿದು ಒಲೆಗೆ ಹಾಕಿದೆ.

ನಿನಗೆ ಗೊತ್ತಲ್ಲ, ಗಡಿಯಾರ ರಿಪೇರಿಯಿಂದ ಹೊಟ್ಟೆ ತುಂಬದೆ ನನ್ನ ದಿನೊ ವಿಡಿಯೊ ಗೇಮ್ ಪೆಟ್ಟಿಗೆಗಳಿಗೆ ಚಿಪ್ ಕೂರಿಸತೊಡಗಿದ್ದ. ಚಿಪ್ ಇದ್ದರೆ ಜಪಾನಿನಿಂದ ತರಿಸಿದ ಡಿಸ್ಕೂ ಓಡುತ್ತದೆ, ಸಂತೆಯ ನಕಲಿ ಡಿಸ್ಕೂ ಓಡುತ್ತದೆ. ಯಾರೋ ಪುಣ್ಯಾತ್ಮರು ಅಂಥದೊಂದು ಪೆಟ್ಟಿಗೆಯ ಜೊತೆ ಹೆಸರಿಲ್ಲದ ದೂರು ಕೊಟ್ಟರು. ಪೊಲೀಸರು ಬಂದು ಅಂಗಡಿಗೆ ಮುದ್ರೆ ಹಾಕಿದರು. ಬೇರೆ ಡಿಸ್ಕು ಓಡದಂತೆ ಕಂಪನಿ ಪೆಟ್ಟಿಗೆಯೊಳಗೆ ಹಾಕಿದ ಬೀಗ ಮುರಿದದ್ದೇ ಅಪರಾಧವಂತೆ.

“ಗಡಿಯಾರ ತಗೊಂಡೋನು ಮುಳ್ಳು ಸ್ವಲ್ಪ ಮುಂದಿಟ್ಕೊಂಡ್ರೆ ಕಂಪನಿ ಕೇಸ್ ಹಾಕುತ್ತಾ?” ಎಂದು ದಿನೊ ಹಾರಾಡುತ್ತಿದ್ದ.

“ಕೋರ್ಟಲ್ಲಿ ಇದನ್ನ ಮಾತ್ರ ಹೇಳ್ಬೇಡ ಮಾರಾಯ,” ಎಂದೆ.

ನಮ್ಮ ವಕೀಲೆ ಧೈರ್ಯ ಕೊಟ್ಟಿದ್ದಳು. ಅಂಗಡಿಯಲ್ಲಿ ಒಂದು ಚಿಪ್ಪೂ ಸಿಕ್ಕಿರಲಿಲ್ಲ. “ಸಾಕ್ಷಿ ಅಂತ ಇರೋದು ಆ ಒಂದೇ ಪೆಟ್ಟಿಗೆ. ಕೇಳಿದ್ರೆ ಗೊತ್ತಿಲ್ಲ ಅನ್ನಿ, ಅಂಗಡಿ ಉಳಿಯುತ್ತೆ,” ಎಂದಿದ್ದಳು.

ಆದರೆ ಗಡಿಯಾರದವರ ಚಾಳಿ ಇದೆಯಲ್ಲ! ತಾವು ಬಿಚ್ಚಿದ ಪ್ರತಿ ಗಡಿಯಾರದ ಒಳಮುಚ್ಚಳದಲ್ಲಿ ಗುರುತು ಗೀಚುತ್ತಾರೆ. ದಿನೊನದು ಪುಟ್ಟ ಮೀನು, ಅವನಪ್ಪನದೂ ಅದೇ. ಪೆಟ್ಟಿಗೆಗಳಿಗೂ ಅದನ್ನೇ ಗೀಚಿದ್ದಾನೆ. ಕದ್ದು ಮಾಡುವ ಕೆಲಸಕ್ಕೂ ಸಹಿ ಹಾಕುವವನು ಈ ಭೂಮಿಯ ಮೇಲೆ ನನ್ನ ಗಂಡನೊಬ್ಬನೇ.

ಮಂಗಳವಾರ ಕೋರ್ಟಿನಲ್ಲಿ ಪೆಟ್ಟಿಗೆ ತೆರೆದರು. ಒಳಗೆ ಮೀನು, ಪಕ್ಕದಲ್ಲೊಂದು ತಾರೀಕು. ವಕೀಲೆ ಥಟ್ಟನೆ ಎದ್ದಳು: “ಇವರು ಬರೀ ರಿಪೇರಿ ಮಾಡಿರ್ಬಹುದು. ಚಿಪ್ಪನ್ನ ಆಮೇಲೆ ಬೇರೆ ಯಾರೋ ಹಾಕಿರ್ಬಹುದು.”

ನ್ಯಾಯಾಧೀಶೆ ತಲೆಯಾಡಿಸಿದಳು. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವಳು, “ಹಾಗಾದ್ರೆ ಪೆಟ್ಟಿಗೆ ಯಾರದು? ಅವರನ್ನೇ ಕರೆಸಿ ಕೇಳೋಣ. ಈ ತಾರೀಕು ಏನು?” ಎಂದು ಅದನ್ನು ದಿನೊನ ಕೈಗೆ ಕೊಡಿಸಿದಳು.

ಅವನು ಕನ್ನಡಕ ಏರಿಸಿ ನೋಡಿದ. ಮುಖ ಬಿಳಿಚಿಕೊಂಡಿತು. ವಕೀಲೆ ಕಣ್ಣಲ್ಲೇ ಬೇಡವೆಂದಳು.

“ಯಾರನ್ನೂ ಕರೆಸ್ಬೇಡಿ. ಚಿಪ್ ಹಾಕಿದ್ದು ನಾನೇ. ಎಲ್ಲಾ ನಂದೇ ಕೆಲಸ,” ಎಂದುಬಿಟ್ಟ.

ಹತ್ತು ತಿಂಗಳ ಶಿಕ್ಷೆ. ಮೊದಲ ತಪ್ಪೆಂದು ತಡೆಹಿಡಿದಿದ್ದಾರೆ, ಜೈಲಿಗೆ ಹೋಗಬೇಕಿಲ್ಲ. ಅಂಗಡಿ ಮಾತ್ರ ಹೋಯಿತು, ಮಾವನ ಕಾಲದ ಹತಾರಗಳ ಸಮೇತ. ಬಸ್ಸಿನುದ್ದಕ್ಕೂ ಅವನನ್ನು ಬಾಯಿಗೆ ಬಂದಂತೆ ಬೈದೆ. “ಸಾಕು ಬಿಡೇ,” ಎಂದ. ಈಗ ಒಲೆಯ ಮುಂದೆ ಕೂತು ಚೆಸ್ಟ್‌ನಟ್ ಬೀಜ ಸುಡುತ್ತಿದ್ದಾನೆ, ತಿನ್ನುವುದಿಲ್ಲ. ಅವನ ಕೈ ಸುಮ್ಮನಿರುವುದನ್ನು ನೋಡಲು ನನ್ನಿಂದಾಗುತ್ತಿಲ್ಲ.

ಚಳಿ ಹೆಚ್ಚಿದೆ, ಎದೆ ಬೆಚ್ಚಗಿಟ್ಟುಕೋ. ದೇವಮಾತೆ ನಿಮ್ಮ ಮನೆಯನ್ನು ಕಾಯಲಿ. ತಿಜಿಯಾನೊನಿಗೆ ನನ್ನ ಮುತ್ತು.

ನಿನ್ನ ಅಕ್ಕ,
ಎರ್ಸಿಲಿಯಾ

ಮರೆತು ಉಳಿದದ್ದಲ್ಲ, ಬೇಕೆಂದೇ ಕೊನೆಗಿಟ್ಟೆ: ಮೀನಿನ ಪಕ್ಕದ ತಾರೀಕು 20 ಮೇ 2001. ಚರ್ಚಿನಲ್ಲಿ ತಿಜಿಯಾನೊ ದೃಢೀಕರಣದ ಸಂಸ್ಕಾರ ಪಡೆದ ದಿನ. ಆ ದಿನ ಧರ್ಮಪಿತನಾಗಿ ಹುಡುಗನ ಪಕ್ಕ ನಿಂತವನು ಅವನಿಗೆ ಗಡಿಯಾರ ಕೊಡುವುದು ವಾಡಿಕೆ. ಧರ್ಮಪಿತನೂ ಗಡಿಯಾರದವನೂ ಆದ ದಿನೊ ಆಟದ ಪೆಟ್ಟಿಗೆ ಕೊಟ್ಟನೆಂದು ನಾವೆಲ್ಲ ಎಷ್ಟು ನಕ್ಕಿದ್ದೆವು! ಆ ಹುಡುಗ ಕಟಕಟೆಯಲ್ಲಿ ನಿಂತು ಹೆತ್ತವರತ್ತ ಬೆರಳು ತೋರಿಸುವಂತಾಗಬಾರದೆಂದು ದಿನೊ ಎಲ್ಲ ಒಪ್ಪಿಕೊಂಡ. ನಿನಗೆ ಬರೆಯಲೇಬೇಡ ಎಂದೂ ಹೇಳಿದ್ದಾನೆ. ಪೆಟ್ಟಿಗೆ ನಿಮ್ಮ ಟಿವಿಯ ಕೆಳಗಿತ್ತು, ಒರ್ನೆಲ್ಲಾ. ಅಸಲಿ ಡಿಸ್ಕು ಮಾರಾಟವಾಗದೆ ಲಿವಿಯೊ ಕುದಿಯುತ್ತಿದ್ದದ್ದು ನನಗೂ ಗೊತ್ತು. ಅವನು ಅದನ್ನು ಎತ್ತಿಕೊಂಡು ದೂರು ಕೊಡಲು ಹೊರಟಾಗ ನೀನು ಮನೆಯಲ್ಲಿದ್ದೆಯಾ? ಇಷ್ಟು ಮಾತ್ರ ಬರೆ.